ಕಲ್ಲು ಮುಟ್ಟದೆ ಕೈ ಕುಲುಕಿದ ಲೋರ್ನ್

ನಮ್ಮ ಹಾರ್ಟ್ಲಿ ಕ್ರೀಕಿನಲ್ಲಿ ರಸ್ತೆಯ ಹಿಮ ತಳ್ಳುವ ಗಾಡಿ ಓಡಿಸುವ ಲೋರ್ನ್ ಸ್ಕ್ರಿಪ್ನಿಕ್, ತನ್ನ ಐವತ್ತೊಂದು ವರ್ಷದ ಜೀವನದಲ್ಲಿ ಒಂದೇ ಒಂದು ಸಲ ಹೀರೋ ಆಗಲು ಹೊರಟ. ಅದೂ ಗುರುವಾರ ಮಧ್ಯಾಹ್ನ ಎರಡು ಗಂಟೆಗೆ. ಯಾವ ಸಿನಿಮಾದಲ್ಲಾದರೂ ಹೀರೋ ಮಧ್ಯಾಹ್ನ ಎರಡು ಗಂಟೆಗೆ ಎಂಟ್ರಿ ಕೊಟ್ಟಿದ್ದನ್ನು ನೋಡಿದ್ದೀರಾ? ಅದು ಊಟ ಮುಗಿಸಿ ಆಕಳಿಸುವ ಹೊತ್ತು. ಎಡವಟ್ಟಾಗಿದ್ದು ಅಲ್ಲೇ.

ನಾನು ಟ್ರೆಂಟ್. ಊರಿನ ಟಾಕೀಸಿನಲ್ಲಿ ಶುಕ್ರವಾರ, ಶನಿವಾರ ಸಿನಿಮಾ ಓಡಿಸುತ್ತೇನೆ. ಉಳಿದ ಐದು ದಿನ ಅದೇ ಡೈಲಾಗುಗಳನ್ನು ಹೊಡೆದು ಊರಿನವರ ತಲೆ ತಿನ್ನುತ್ತೇನೆ. ಕರ್ಲಿಂಗ್ ಆಟದಲ್ಲಿ ನಾನು ಲೋರ್ನ್ ತಂಡದವನು. ಕ್ಯಾಪ್ಟನ್ ಲೋರ್ನ್ ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುತ್ತಾನೆ. ನಾನು ಆ ಕಲ್ಲಿನ ಮುಂದೆ ಪೊರಕೆ ಹಿಡಿದು ಗುಡಿಸುತ್ತಾ ಓಡುತ್ತೇನೆ. ಅಮ್ಮ ಮನೆಯಲ್ಲಿ ಎಷ್ಟು ಗೋಗರೆದರೂ ನಾನು ಮುಟ್ಟದ ಪೊರಕೆ ಅದು.

ಶುಕ್ರವಾರ ಬೆಳಿಗ್ಗೆ ಕರ್ಲಿಂಗ್ ಕ್ಲಬ್ಬಿಗೆ ಹೋದರೆ ಲೋರ್ನ್ ಮೂಲೆಯ ಬೆಂಚಿನಲ್ಲಿ ಮುಖ ಕೆಳಗೆ ಹಾಕಿ ಕೂತಿದ್ದ.

"ಟ್ರೆಂಟ್, ನಾನೊಂದು ದೊಡ್ಡ ತಪ್ಪು ಮಾಡ್ಬಿಟ್ಟೆ ಕಣೋ."

"ಕೊಲೆನಾ ಬಾಸ್? ಹೆಣ ಎಲ್ಲಿದೆ ಅಷ್ಟು ಹೇಳು. ಮಿಕ್ಕಿದ್ದು ನಾನ್ ನೋಡ್ಕೋತೀನಿ."

"ಸುಮ್ನಿರೋ. ನಿನ್ನೆ ವಿನ್ನಿಪೆಗ್ ಸಿಟಿಗೆ ಹೋಗಿದ್ದೆ. ಒಬ್ಬ ಎಸ್ಕಾರ್ಟ್‌ನ ಬುಕ್ ಮಾಡಿದ್ದೆ. ಅದೇ, ದುಡ್ಡಿಗೆ ಜೊತೆ ಕೊಡೋ ಹೆಂಗಸು. ಒಂದು ಗಂಟೆಯ ಲೆಕ್ಕದಲ್ಲಿ."

ನನ್ನ ಕೈಯಲ್ಲಿದ್ದ ಪೊರಕೆ ಸ್ಲೋ ಮೋಷನ್ನಿನಲ್ಲಿ ನೆಲಕ್ಕೆ ಬಿತ್ತು. ಹಿನ್ನೆಲೆ ಸಂಗೀತ ಒಂದಿರಲಿಲ್ಲ, ಅಷ್ಟೇ. ಈ ಮನುಷ್ಯ ಅಂಗಡಿಯಲ್ಲಿ ಒಳಉಡುಪು ಕೊಳ್ಳುವಾಗ ಮೇಲೊಂದು ಬ್ರೆಡ್ ಪೊಟ್ಟಣ ಮುಚ್ಚಿಕೊಂಡು ಹೋಗುವವನು. ಹೆಂಡತಿ ಟ್ರ್ಯಾಕ್ಟರ್ ಮಾರುವವನ ಜೊತೆ ಹೋಗಿ ಆರು ವರ್ಷವಾದರೂ ಇನ್ನೂ ಅವಳ ಬೆಕ್ಕಿಗೆ ಊಟ ಹಾಕುತ್ತಿರುವವನು.

"ಹೆಸರು ಸಬ್ರೀನಾ. ಬರಿಗೈಲಿ ಹೋಗ್ಬಾರ್ದಲ್ಲ, ತಂಗಿ ನಾಡಿಯಾ ಮಾಡಿದ್ದ ಬೀಟ್‌ರೂಟ್ ಉಪ್ಪಿನಕಾಯಿ ಒಂದು ಬಾಟ್ಲಿ ತಗೊಂಡು ಹೋಗಿದ್ದೆ. ಹೋಟೆಲಿನ ನಾಲ್ಕನೇ ಮಹಡಿ. ಬಾಗಿಲು ತೆಗೆದ್ಲು. 'ಬನ್ನಿ ಲೋರ್ನ್, ಹೊರಗೆ ವಿಪರೀತ ಚಳಿ ಅಲ್ವಾ' ಅಂದ್ಲು. ಅಷ್ಟೇ ಅಂದಿದ್ದು, ಪಾಪ. ನನ್ನ ಎದೆ ನನ್ನ ಗಾಡಿ ಇಂಜಿನ್ ಥರ ಬಡ್ಕೊಳ್ಳೋಕೆ ಶುರು ಆಯ್ತು. ಇದು ನನ್ ಕೈಲಿ ಆಗೋ ಆಟ ಅಲ್ಲ ಅನ್ನಿಸ್ತು."

"ಆಮೇಲೆ?"

"ಬಾಟ್ಲಿ ಅವಳ ಕೈಗೆ ಕೊಟ್ಟೆ. ಗ್ಲೌಸ್ ಬಿಚ್ಚಿದೆ. ಕೈ ಕುಲುಕಿದೆ. 'ಒಳ್ಳೇ ಆಟ' ಅಂದೆ. ಇಳ್ದು ಬಂದ್ಬಿಟ್ಟೆ."

ಕರ್ಲಿಂಗಿನಲ್ಲಿ ಸೋಲು ಖಚಿತವಾದಾಗ ಕೊನೆಯ ತನಕ ಎಳೆದಾಡುವುದು ಅಸಭ್ಯತೆ. ಗ್ಲೌಸ್ ಬಿಚ್ಚಿ ಕೈ ಕುಲುಕಿ ಹೊರಟರೆ ಅದು ದೊಡ್ಡಸ್ತಿಕೆ. ಲೋರ್ನ್ ಆ ದೊಡ್ಡಸ್ತಿಕೆಯನ್ನೇ ತೋರಿಸಿದ್ದ. ಎದುರು ನಿಂತಿದ್ದವಳು ಕರ್ಲಿಂಗ್ ಆಡಲು ಬಂದಿರಲಿಲ್ಲ ಎಂಬುದೊಂದೇ ತೊಂದರೆ.

"ಸರಿ, ಸೀದಾ ಮನೆಗೆ ಬಂದ್ಯಾ?"

"ಇಲ್ಲ. ಕೆಳಗೆ ಬಾರಲ್ಲಿ ಕೂತೆ. ನಮ್ಮ ಆಟದಲ್ಲಿ ಗೆದ್ದವರು ಬಂದು ಸೋತವರಿಗೆ ಕುಡಿಸ್ಬೇಕಲ್ವಾ? ಕಾಯ್ದೇ ಎದ್ದು ಬಂದ್ರೆ ಅವಳಿಗೆ ಬೇಜಾರಾಗಲ್ವಾ ಅಂತ ಒಂದು ಗಂಟೆ ಕಾದೆ."

ನಾನು ಗೋಡೆಗೆ ಹಣೆ ಇಟ್ಟು ನಿಂತೆ. ನಗುವುದಕ್ಕೂ ಒಂದು ಆಸರೆ ಬೇಕಲ್ಲ.

ಇನ್ನು ಮೇಲಿನ ಮಹಡಿಯ ಕಥೆ. ಅದು ಲೋರ್ನ್‌ನ ಫೋನಿನಲ್ಲಿ, ಸಬ್ರೀನಾ ಕಳಿಸಿದ ಮೆಸೇಜಿನಲ್ಲಿತ್ತು. "ಎಟಿಎಂಗೆ ಹೋಗಿದ್ದೀರಿ ಅಂದ್ಕೊಂಡು ಪೂರ್ತಿ ಒಂದು ಗಂಟೆ ಕಾದೆ. ಹುಷಾರಾಗಿದ್ದೀರಾ? ಗಾಡಿ ಹಿಮದಲ್ಲಿ ಸಿಕ್ಕಿಹಾಕಿಕೊಂಡಿಲ್ಲ ತಾನೆ? ಫೀಸಿನ ವಿಷಯ ಆಮೇಲೆ ನೋಡೋಣ." ಹೀಗೆ ಅವಳು ಮೇಲೆ ಕಾದಳು, ಇವನು ಕೆಳಗೆ ಕಾದ. ನಡುವೆ ಮೂರು ಮಹಡಿ, ಒಂದು ಲಿಫ್ಟು.

"ಮುನ್ನೂರು ಡಾಲರು ಮಾತಾಗಿತ್ತು ಕಣೋ. ಈಗ ಎಷ್ಟು ಕೊಡ್ಬೇಕು? ಕಮ್ಮಿ ಕೊಟ್ರೆ ಮೋಸ ಮಾಡ್ದಂಗೆ. ಜಾಸ್ತಿ ಕೊಟ್ರೆ ಭಿಕ್ಷೆ ಹಾಕ್ದಂಗೆ. ನಾನು ಯಾರ ಹತ್ರಾನೂ ತಲೆ ತಗ್ಗಿಸಿ ಬದುಕಿದವನಲ್ಲ. ಅವಳ ಹತ್ರ ಕಳ್ಳ ಅನ್ನಿಸ್ಕೊಂಡು ಇರೋಕಾಗಲ್ಲ."

"ಅವಳನ್ನೇ ಕೇಳು ಬಾಸ್."

"ಕೇಳ್ದೆ. 'ನಿಮಗೆ ನ್ಯಾಯ ಅನ್ನಿಸಿದ್ದು ಕೊಡಿ' ಅಂದ್ಲು."

"ಅಯ್ಯೋ! ಇದು ಡೈಲಾಗ್ ಅಲ್ಲ, ಬುಲೆಟ್ಟು!"

ಬುಲೆಟ್ಟು ಸರಿಯಾದ ಜಾಗಕ್ಕೇ ಹೊಕ್ಕಿತ್ತು. ಲೋರ್ನ್ ಹಿಂದಿನ ಸಂಜೆಯಿಂದ ಊಟ ಮಾಡಿರಲಿಲ್ಲ. ಸಾಲದ್ದಕ್ಕೆ ಭಾನುವಾರ ನಮ್ಮ ಕ್ಲಬ್ಬಿನ ವಾರ್ಷಿಕ ಸಭೆ. ಅಧ್ಯಕ್ಷ ಸ್ಥಾನಕ್ಕೆ ಅವನೂ ನಿಂತಿದ್ದ. ಎದುರಿಗೆ ಇನ್ಶೂರೆನ್ಸ್ ಮಾರುವ ಗಾರ್ಥ್ ಪೆನ್‌ರೋಸ್. ಗಾರ್ಥ್ ಎಂದರೆ ನಮ್ಮೂರಿನ ವಿಲನ್ನು. ಮೀಸೆ ಇಲ್ಲ, ಆದರೆ ಇರುವವನ ಹಾಗೆ ತಿರುವುತ್ತಾನೆ.

ನ್ಯಾಯ ಹೇಳಬಲ್ಲವರು ಊರಿನಲ್ಲಿ ಒಬ್ಬರೇ: ಸಿಗ್ರಿಡ್ ಅಮ್ಮ. ಐಸ್‌ಲ್ಯಾಂಡಿನ ಕಡೆಯವರು ಅಜ್ಜಿಯನ್ನು ಅಮ್ಮ ಅನ್ನುತ್ತಾರೆ; ಎಂಬತ್ತೊಂದರ ಈ ಮುದುಕಿ ಊರಿಗೆಲ್ಲ ಅಮ್ಮ, ಕ್ಲಬ್ಬಿನ ನಿಯಮ ಸಮಿತಿಗೆ ಮುಖ್ಯಸ್ಥೆ. ಕ್ಲಬ್ಬಿನಲ್ಲಿ ಪ್ರಶ್ನೆ ಹಾಕಲು ಒಂದು ಡಬ್ಬಿ ಇದೆ. ನಾನು ಲೋರ್ನ್‌ನ ಮಾನ ಉಳಿಸಲೆಂದು ವಿಷಯಕ್ಕೆ ಮುಸುಕು ಹಾಕಿ ಬರೆದೆ: "ಒಬ್ಬ ಆಟಗಾರ ಪರಊರಿನಲ್ಲಿ ಒಂದು ಗಂಟೆಯ ಅವಧಿಯನ್ನು ಮುಂಗಡವಾಗಿ ಕಾಯ್ದಿರಿಸಿ, ಎದುರಾಳಿ ಬಾಗಿಲಲ್ಲಿ ಸ್ವಾಗತಿಸಿದ ಕೂಡಲೇ, ಒಂದು ಕಲ್ಲನ್ನೂ ಮುಟ್ಟದೆ ಕೈ ಕುಲುಕಿ ಹೊರಟುಬಂದರೆ ಫೀಸು ಪೂರ್ತಿಯೋ ಅರ್ಧವೋ? ಇಂತಿ, ಒಬ್ಬ ಅನಾಮಿಕ."

ಬುದ್ಧಿವಂತನಾದ ನಾನು ಅದನ್ನು ಬರೆದದ್ದು ನಮ್ಮ ಟಾಕೀಸಿನ ಪೋಸ್ಟರಿನ ಹಿಂಬದಿಯಲ್ಲಿ.

ಮಧ್ಯಾಹ್ನದ ಹೊತ್ತಿಗೆ ಸಿಗ್ರಿಡ್ ಅಮ್ಮನಿಗೆ ಅದು ನನ್ನ ಕೈಬರಹವೆಂದು ಗೊತ್ತಾಯಿತು. ನನ್ನ ತಂಡವೆಂದರೆ ಲೋರ್ನ್ ತಂಡ. ಲೋರ್ನ್ ಗುರುವಾರ ರಜೆ ಹಾಕಿದ್ದು ಪಂಚಾಯಿತಿಗೆ ಗೊತ್ತು. ವಿನ್ನಿಪೆಗ್ ದಾರಿಯಲ್ಲಿ ಪೆಟ್ರೋಲ್ ಹಾಕಿಸಿದ್ದು ಬಂಕಿನವನಿಗೆ ಗೊತ್ತು. ಮೂರೂ ಸೇರಿ ನಾಲ್ಕು ಗಂಟೆಯೊಳಗೆ ಊರೆಲ್ಲ ಒಂದೇ ಸುದ್ದಿ: ಲೋರ್ನ್ ಯಾವುದೋ ಪಂದ್ಯಕ್ಕೆ ಹೋಗಿ, ಒಂದು ಕಲ್ಲೂ ಜಾರಿಸದೆ ಶರಣಾಗಿ ಬಂದಿದ್ದಾನೆ!

ಅವನ ತಂಗಿ ನಾಡಿಯಾ ಕತ್ತರಿ ಹಿಡಿದೇ ಸಲೂನಿನಿಂದ ರಸ್ತೆಗೆ ಓಡಿಬಂದಳು. ಒಳಗೆ ಗಿರಾಕಿಯ ತಲೆಕೂದಲು ಅರ್ಧ ಮಾತ್ರ ಕತ್ತರಿಸಿಯಾಗಿತ್ತು.

"ಏನೋ ಅಣ್ಣಾ, ಒಂದು ಕಲ್ಲೂ ಮುಟ್ಲಿಲ್ವಂತೆ? ನಮ್ಮಪ್ಪ ಕಾಲು ಮುರಿದಾಗ ಕುರ್ಚಿ ಮೇಲೆ ಕೂತು ಆಡಿದ್ರು! ಎದುರಿಗೆ ಯಾರಿದ್ರು ಹೇಳು."

ಸುಳ್ಳು ಹೇಳಲು ಬಾರದ ಲೋರ್ನ್ ನಿಜವನ್ನೇ ಹೇಳಿದ. "ಒಬ್ಬಳು ಹೆಂಗಸು."

"ಹೆಂಗಸರ ತಂಡಕ್ಕಾ!"

"ಒಬ್ಬಳೇ," ಎಂದ ಲೋರ್ನ್, ಇನ್ನೂ ಸ್ಪಷ್ಟವಾಗಿ ಹಾಳಾಗುತ್ತಾ.

ಶನಿವಾರ ಬೆಳಿಗ್ಗೆ ಪಂಚಾಯಿತಿ ಮುಖ್ಯಸ್ಥರ ಫೋನು. "ಲೋರ್ನ್, ನಿನಗೆ ಮೈ ಹುಷಾರಿಲ್ದಿದ್ರೆ ಹೇಳು. ಹುಷಾರಿದ್ರೆ ಮಾತ್ರ ಹೇಳ್ಬೇಡ, ನನಗೆ ಊರಿನವರಿಗೆ ಉತ್ತರ ಕೊಡೋಕಾಗಲ್ಲ." ಶವಪೆಟ್ಟಿಗೆ ಅಂಗಡಿಯ ಕ್ಲೆಮ್ ರಸ್ತೆಯಲ್ಲಿ ಸಿಕ್ಕಿ ಲೋರ್ನ್‌ನ ಭುಜ ತಟ್ಟಿ, ಟೋಪಿ ತೆಗೆದು ಮುಂದೆ ಹೋದ. ಅವನು ಟೋಪಿ ತೆಗೆಯುವುದು ಸತ್ತವರಿಗೆ ಮಾತ್ರ.

ಮಧ್ಯಾಹ್ನ ಬಾಂಬು ಬಿತ್ತು. ಪಕ್ಕದೂರು ಬಿಶಪ್ಸ್ ಫ್ಲ್ಯಾಟ್. ನಮ್ಮೂರಿಗೂ ಅವರಿಗೂ ಹತ್ತೊಂಬತ್ತು ವರ್ಷದಿಂದ ಒಂದು ಬೆಳ್ಳಿ ಕಪ್ಪಿನ ಜಗಳ; ಒಬ್ಬರಿಗೊಬ್ಬರು ಎಲ್ಲಿ ಸೋತರೂ ಕಪ್ಪು ಗೆದ್ದವರಿಗೆ. ಹತ್ತೊಂಬತ್ತು ವರ್ಷವೂ ಕಪ್ಪು ನಮ್ಮಲ್ಲೇ ಇದೆ. ಅವರ ಹೆಂಗಸರ ತಂಡದ ನಾಲ್ಕು ಜನ ಗುರುವಾರ ವಿನ್ನಿಪೆಗ್‌ನಲ್ಲಿ ಅಭ್ಯಾಸಕ್ಕೆ ಹೋಗಿದ್ದರಂತೆ. ಲೋರ್ನ್ ಶರಣಾದದ್ದು ತಮ್ಮಲ್ಲಿ ಯಾರಿಗೋ ಇರಬೇಕೆಂದು ಅವರೇ ನಂಬಿಬಿಟ್ಟರು. ಯಾರಿಗೆ ಎಂದು ಒಬ್ಬರಿಗೂ ನೆನಪಿಲ್ಲ, ಆದರೆ ನಾಲ್ಕೂ ಜನ ತನಗೇ ಅನ್ನುತ್ತಿದ್ದರು. ಅವರ ಕ್ಲಬ್ಬಿನ ಮುಂದಿನ ಬೋರ್ಡಿನಲ್ಲಿ ದಪ್ಪಕ್ಷರ: "ನಮ್ಮ ಹೆಂಗಸರ ಮುಖ ನೋಡಿ ಹಾರ್ಟ್ಲಿ ಕ್ರೀಕ್ ಪರಾರಿ. ಕಪ್ಪು ಯಾವಾಗ ಕಳಿಸ್ತೀರಾ?"

ನಾನು ಆ ಬೋರ್ಡು ನೋಡಿ ಬಂದು ಲೋರ್ನ್‌ನ ಅಡುಗೆಮನೆಯಲ್ಲಿ ಕೂತೆ.

"ಬಾಸ್, ಇಂಟರ್ವಲ್ ಮುಗೀತು. ಈಗ ಎರಡೇ ದಾರಿ. ಬಾಯಿ ಮುಚ್ಕೊಂಡಿದ್ರೆ ಕಪ್ಪು ಹೋಗುತ್ತೆ. ಬಾಯಿ ಬಿಟ್ರೆ ನೀನ್ ಹೋಗ್ತೀಯ."

ಲೋರ್ನ್ ಬೆಕ್ಕಿಗೆ ಹಾಲು ಬಗ್ಗಿಸುತ್ತಿದ್ದ. "ಕಪ್ಪಿಗೂ ಸಬ್ರೀನಾಗೂ ಏನೋ ಸಂಬಂಧ? ನನಗೆ ಅವಳ ಫೀಸು ಎಷ್ಟು ಅಂತ ಗೊತ್ತಾಗ್ಬೇಕು ಅಷ್ಟೇ."

ಭಾನುವಾರ ಚರ್ಚು ಮುಗಿದ ಮೇಲೆ ಸಭೆ. ನಾವು ಆಡುವ ಮಂಜಿನಂಗಳದ ಮೇಲ್ಗಡೆಯ ಸಭಾಂಗಣದಲ್ಲಿ ಅರವತ್ತು ಜನ. ದೊಡ್ಡ ಪಾತ್ರೆಯಲ್ಲಿ ಬಿಸಿ ಕಾಳು-ಮಾಂಸದ ಸಾರು, ಬನ್ನು, ಕಾಫಿ. ಯಾವತ್ತೂ ಸಭೆಗಿಂತ ಮೊದಲೇ ಖಾಲಿಯಾಗುವ ಸಾರನ್ನು ಅವತ್ತು ಯಾರೂ ಮುಟ್ಟಿರಲಿಲ್ಲ. ದುಃಖದ ಪ್ರಮಾಣ ಅಷ್ಟಿತ್ತು.

ಗಾರ್ಥ್ ಇಲ್ಲದ ಮೀಸೆ ತಿರುವಿ ಎದ್ದ. "ಹೇಳೋಕೆ ನಾಲಿಗೆ ಬರಲ್ಲ. ಆದ್ರೂ ಹೇಳ್ತೀನಿ. ಬಾಗಿಲಲ್ಲೇ ಸೋತು ಬಂದವನು ಈ ಕುರ್ಚಿ ಮೇಲೆ ಕೂರೋದಾ? ನಾಳೆ ಯಾರಾದ್ರೂ ಸೀನಿದ್ರೂ ಈ ಮನುಷ್ಯ ಕ್ಲಬ್ಬಿನ ಬೀಗದ ಕೈ ಕೊಟ್ಟು ಬರ್ತಾನೆ!"

ಚಪ್ಪಾಳೆ. ಅಮ್ಮ ಮೇಜು ಕುಟ್ಟಿದರು. "ನಿಯಮ ನಿಯಮಾನೇ. ಶರಣಾಗಿದ್ದು ನಿಜವಾಗಿದ್ರೆ ಬಿಶಪ್ಸ್ ಫ್ಲ್ಯಾಟಿನವರಿಗೆ ಪತ್ರ ಬರೀಬೇಕು. ಕಪ್ಪು ಕಳಿಸ್ಬೇಕು." ಆ ಕಪ್ಪನ್ನು ಮೊದಲ ಸಲ ಗೆದ್ದದ್ದು ಅವರೇ. ಆದರೂ ಪೆನ್ನಿನ ಮುಚ್ಚಳ ತೆಗೆದರು.

ನಮ್ಮ ಆಟದಲ್ಲಿ ಅಂಪೈರ್ ನೋಡದಿದ್ದರೂ, ಜಾರುವ ಕಲ್ಲಿಗೆ ನಿನ್ನ ಪೊರಕೆ ತಾಗಿದರೆ ನೀನೇ ಕೈ ಎತ್ತಿ ಹೇಳಬೇಕು. ಯಾರಿಗೂ ಕಾಣದ ತಪ್ಪನ್ನು ತಾನೇ ಹೇಳಿಕೊಳ್ಳದವನಿಗೆ ಈ ಊರಿನಲ್ಲಿ ಹೆಣ್ಣು ಕೊಡುವುದಿರಲಿ, ಏಣಿಯನ್ನೂ ಎರವಲು ಕೊಡುವುದಿಲ್ಲ.

ಹಿಂದಿನ ಸಾಲಿನಲ್ಲಿ ಲೋರ್ನ್‌ನ ಕೈ ಎದ್ದಿತು.

"ಅಮ್ಮ, ಪತ್ರ ಬರೀಬೇಡಿ. ಕಲ್ಲಿಗೆ ಪೊರಕೆ ತಾಗಿಸಿದ್ದು ನಾನು. ಅಲ್ಲಿ ಯಾವ ಪಂದ್ಯಾನೂ ಇರ್ಲಿಲ್ಲ. ನಾನು ಹೋಗಿದ್ದು ಹೋಟೆಲಿಗೆ. ಒಬ್ಬ ಎಸ್ಕಾರ್ಟ್‌ನ ಬುಕ್ ಮಾಡಿದ್ದೆ. ಬಾಗಿಲು ತೆಗೆದ ತಕ್ಷಣ ಹೆದರಿ ಕೈ ಕುಲುಕಿ ಓಡಿ ಬಂದೆ. ಅವಳು ಪಾಪ ಒಂದು ಗಂಟೆ ಕಾದಳು. ಟ್ರೆಂಟ್ ಬರೆದ ಪ್ರಶ್ನೆ ಅದೇ. ನನಗೆ ಅಧ್ಯಕ್ಷಗಿರಿ ಬೇಡ. ಉತ್ತರ ಬೇಕು."

ನಾಡಿಯಾ ದಢಕ್ಕನೆ ಎದ್ದಳು.

"ಅಂದ್ರೆ ನನ್ನ ಬೀಟ್‌ರೂಟ್ ಬಾಟ್ಲಿ ಹೋಗಿದ್ದು ಅಲ್ಲಿಗಾ!"

"ಹೂಂ."

"ನೀನು ಹೆದರಿದ್ದಕ್ಕೆ ನನಗೆ ಬೇಜಾರಿಲ್ಲ. ಹೆದರ್ದಿದ್ರೂ ಬೇಜಾರಿರ್ಲಿಲ್ಲ, ಹೆಂಡ್ತಿ ಹೋಗಿ ನಿನಗೂ ಆರು ವರ್ಷ ಆಯ್ತು. ಆದ್ರೆ ಆ ಹುಡುಗೀಗೆ ದುಡ್ಡು ಕೊಟ್ಯೋ ಇಲ್ವೋ?"

"ಅದೇ ಕಣೇ ಕೇಳ್ತಿರೋದು, ಎಷ್ಟು ಅಂತ!"

ಆಗ ನಮ್ಮೂರು ನಮ್ಮೂರಾಯಿತು. ಯಾರಿಗೂ ಪಾಪಪುಣ್ಯದ ನೆನಪು ಬರಲಿಲ್ಲ. ಎಲ್ಲರಿಗೂ ತಂತಮ್ಮ ಗಿರಾಕಿಗಳ ನೆನಪು ಬಂತು.

"ತಲೆಗೆ ನೀರು ಹಾಕಿದ್ಮೇಲೆ ಎದ್ದು ಹೋದ್ರೆ ನಾನು ಪೂರ್ತಿ ವಸೂಲಿ ಮಾಡ್ತೀನಿ," ಎಂದಳು ನಾಡಿಯಾ.

"ಇಲ್ಲಿ ನೀರೇ ಹಾಕಿಲ್ವಲ್ಲ," ಎಂದ ಹಿಂದಿನಿಂದ ಒಬ್ಬ.

"ಕುರ್ಚಿ ಖಾಲಿ ಇಟ್ಟಿದ್ಲಲ್ಲ!" ಎಂದು ನಾಡಿಯಾ ಅವನ ಮೇಲೆ ತಿರುಗಿಬಿದ್ದಳು.

ಕ್ಲೆಮ್ ಗಂಟಲು ಸರಿಮಾಡಿಕೊಂಡ. "ನನ್ನ ಗಿರಾಕಿಗಳು ಇಲ್ಲೀವರೆಗೂ ಯಾರೂ ಎದ್ದು ಹೋಗಿಲ್ಲ. ಹೋದ್ರೆ ನಾನು ದುಡ್ಡು ಕೇಳಲ್ಲ. ನಾನೂ ಓಡ್ತೀನಿ."

ಗಾರ್ಥ್‌ಗೆ ಸಭೆ ಕೈತಪ್ಪುತ್ತಿರುವುದು ಕಂಡಿತು. ಅವನು ಮುಂದೆ ನುಗ್ಗಿದ. "ನಾಚಿಕೆ ಆಗಲ್ವಾ ನಿಮಗೆ? ಅದು ಬೇರೆ ಥರದ ಕೆಲಸ!"

"ಕೆಲಸ ಬೇರೆ ಇರ್ಬಹುದು ಗಾರ್ಥ್, ಗಡಿಯಾರ ಒಂದೇ," ಎಂದಳು ನಾಡಿಯಾ.

"ಏನು ಗಡಿಯಾರ? ಪೂರ್ತಿ ಕೊಡೋಕೆ ಇವನಿಗೇನು ತಲೆ ಕೆಟ್ಟಿದ್ಯಾ? ಹಿಂದಿನ ದಿನ ಹೇಳಿದ್ರೆ ಏನೂ ಇಲ್ಲ. ಅದೇ ದಿನ ಹೇಳಿದ್ರೆ ಕಾಲು ಭಾಗ. ಬಾಗಿಲು ತೆಗೆದ್ಮೇಲೆ ಹತ್ತು ನಿಮಿಷದೊಳಗೆ ಹೊರಟ್ರೆ ಅರ್ಧ. ಅಡ್ವಾನ್ಸ್ ಕೊಟ್ಟಿದ್ರೆ ಮುಂದಿನ ಸಲಕ್ಕೆ ಹಾಕ್ಕೊಳ್ತಾರೆ, ಆದ್ರೆ ಹಬ್ಬದ ವಾರ ಮಾತ್ರ ಹಾಕ್ಕೊಳ್ಳ..."

ಅವನ ನಾಲಿಗೆ ಅಲ್ಲಿ ಬ್ರೇಕು ಹಾಕಿತು. ಆದರೆ ಗಾಡಿ ಆಗಲೇ ಹಳ್ಳದಲ್ಲಿತ್ತು.

ಅರವತ್ತು ತಲೆ ಒಟ್ಟಿಗೆ ತಿರುಗಿದವು. ನನಗೆ ಜೀವನದಲ್ಲಿ ಇದಕ್ಕಿಂತ ಒಳ್ಳೆಯ ಕ್ಲೋಸಪ್ ಸಿಕ್ಕಿಲ್ಲ.

"ಗಾರ್ಥ್," ಎಂದರು ಅಮ್ಮ ಮೆಲ್ಲಗೆ, "ನಮ್ಮ ಮನೆ ಚಾವಣಿ ಇನ್ಶೂರೆನ್ಸ್ ಬಗ್ಗೆ ಕೇಳ್ದಾಗ ನಿನಗೆ ಇಷ್ಟು ವಿವರ ಗೊತ್ತಿರ್ಲಿಲ್ವಲ್ಲಪ್ಪ?"

"ಎಲ್ಲೋ... ಓದಿದ್ದೆ."

"ಹಬ್ಬದ ವಾರದ್ದೂ ಓದಿದ್ಯಾ?" ಎಂದೆ ನಾನು. ಸಭೆ ನಕ್ಕ ರಭಸಕ್ಕೆ ಕೆಳಗೆ ಮಂಜುಗಡ್ಡೆ ಬಿರುಕು ಬಿಡದಿದ್ದದ್ದೇ ಪುಣ್ಯ. ಗಾರ್ಥ್ ಕಾಫಿ ಪಾತ್ರೆಯ ಹಿಂದೆ ಸರಿದ.

ಅಮ್ಮ ಮೇಜು ಕುಟ್ಟಿ ತೀರ್ಪು ಕೊಟ್ಟರು. "ಕೇಳೋ ಲೋರ್ನ್. ಎದ್ದು ಬರೋದು ನಿನ್ನ ಹಕ್ಕು. ಕಾರಣ ಹೇಳ್ಬೇಕಾಗಿಲ್ಲ, ಅವಳೂ ಕೇಳೋ ಹಾಗಿಲ್ಲ. ಆದ್ರೆ 'ನಾನು ಹೊರಟೆ, ಕಾಯ್ಬೇಡಮ್ಮ' ಅಂತ ಒಂದು ಮಾತು ಹೇಳ್ದೆ ಬಂದೆ ನೋಡು, ತಪ್ಪು ಅಲ್ಲಿದೆ. ಹೇಳಿದ್ದಿದ್ರೆ ಅವಳು ಕೋಟು ಹಾಕ್ಕೊಂಡು ಮನೆಗೆ ಹೋಗ್ತಿದ್ಲು, ನೀನು ಅರ್ಧ ಕೊಟ್ಟಿದ್ರೆ ಸಾಕಿತ್ತು. ಹೇಳ್ಲಿಲ್ಲ. ಅವಳ ಗಂಟೆ ಪೂರ್ತಿ ಹೋಯ್ತು. ಪೂರ್ತಿ ಕೊಡು. ಒಪ್ಪೋರು ಕೈ ಎತ್ತಿ."

ಎದ್ದ ಕೈಗಳನ್ನು ಎಣಿಸಬೇಕಾಗಿರಲಿಲ್ಲ. ಕಾಫಿ ಪಾತ್ರೆಯ ಹಿಂದಿನಿಂದಲೂ ಒಂದು ಕೈ ಅರ್ಧ ಎದ್ದಿತು.

ಲೋರ್ನ್ ಅಲ್ಲೇ ಫೋನು ತೆಗೆದ. ನಮ್ಮ ಬ್ಯಾಂಕುಗಳಲ್ಲಿ ಹೀಗೆ ದುಡ್ಡು ಕಳಿಸುವಾಗ ಒಂದು ಪ್ರಶ್ನೆ ಹಾಕಬೇಕು. ಪಡೆಯುವವರು ಸರಿಯುತ್ತರ ಕೊಟ್ಟರೆ ಮಾತ್ರ ಹಣ ಕೈಸೇರುತ್ತದೆ. ಎಲ್ಲರೂ ಸಾಕುನಾಯಿಯ ಹೆಸರು ಕೇಳಿ ಮುಗಿಸುತ್ತಾರೆ. ಲೋರ್ನ್ ಮಾತ್ರ ಹತ್ತು ನಿಮಿಷ ಯೋಚಿಸಿ ಏನೋ ಒತ್ತಿ, ಬೆವರು ಒರೆಸಿಕೊಂಡು ಕೂತ.

ಫೋನು ಕುಯ್ಯೆಂದಿತು. ಸಬ್ರೀನಾ. ನಾನು ಕಸಿದುಕೊಂಡು ಗಟ್ಟಿಯಾಗಿ ಓದಿದೆ. "ಉತ್ತರ ತಪ್ಪು ಅಂತಿದೆ ಲೋರ್ನ್. 'ಲೋರ್ನ್' ಅಂತ ಹಾಕಿದ್ದೆ."

"ಏನ್ ಪ್ರಶ್ನೆ ಹಾಕಿದ್ಯೋ ಮಾರಾಯ?" ಎಂದಳು ನಾಡಿಯಾ.

"'ಗುರುವಾರ ಮರ್ಯಾದೆಯಿಂದ ನಡ್ಕೊಂಡಿದ್ದು ಯಾರು?'"

"ಉತ್ತರ?"

"ಸಬ್ರೀನಾ."

ಹೆಂಗಸರೆಲ್ಲ ಒಟ್ಟಿಗೆ "ಅಯ್ಯೋ" ಎಂದರು. ಅದರಲ್ಲಿ ಅರ್ಧ ಮೆಚ್ಚುಗೆ, ಅರ್ಧ ಗಾಬರಿ. ಮತ್ತೆ ಕುಯ್ಯ್. "'ಇಬ್ಬರೂ' ಅಂತ ಹಾಕಿದೆ. ಅದೂ ತಪ್ಪಂತೆ. ಇನ್ನೊಂದೇ ಅವಕಾಶ ಇರೋದು."

"ಬಾಸ್, ಉತ್ತರ ಹೇಳ್ಬಿಡು! ಬಾಂಬಿನ ವೈರು ಕತ್ತರಿಸೋ ಟೈಮು ಇದು!"

"ಉತ್ತರಾನ ಮೆಸೇಜಲ್ಲಿ ಕಳಿಸ್ಬಾರ್ದು ಅಂತ ಬ್ಯಾಂಕಿನವರೇ ಬರೆದಿದಾರೆ ಕಣೋ."

"ನಿಯಮ ನಿಯಮಾನೇ," ಎಂದರು ಅಮ್ಮ, ಕಣ್ಣು ಮುಚ್ಚಿಕೊಂಡು.

ಅರವತ್ತು ಜನ ಒಂದು ಪುಟ್ಟ ಪರದೆಯನ್ನು ನೋಡುತ್ತಾ ನಿಂತೆವು. ನಮ್ಮ ಟಾಕೀಸಿನಲ್ಲಿ ಯಾವ ಸಿನಿಮಾಕ್ಕೂ ಇಷ್ಟು ಜನ ಸೇರಿದ್ದು ಕಂಡಿಲ್ಲ. ಒಂದು ನಿಮಿಷ. ಎರಡು. ಕ್ಲೆಮ್ ಟೋಪಿಗೆ ಕೈ ಹಾಕಿದ. ನಾಡಿಯಾ ಅವನ ಕೈಗೆ ಹೊಡೆದಳು.

ಕುಯ್ಯ್.

"ಸಿಕ್ಕಿತು. ಮೂರನೇ ಸಲ ನನ್ನ ಹೆಸರೇ ಹಾಕ್ದೆ. ನನ್ನನ್ನ ನಾನೇ ಹೊಗಳ್ಕೊಳ್ಳೋಕೆ ಇಷ್ಟು ಒದ್ದಾಡಿದ್ದು ಇದೇ ಮೊದಲು. ನಿಮ್ಮ ಲೆಕ್ಕ ಚುಕ್ತಾ ಲೋರ್ನ್, ತಲೆ ಎತ್ಕೊಂಡು ಓಡಾಡಿ."

ಚಾವಣಿ ಹಾರಿಹೋಗುವ ಹಾಗೆ ಕೂಗಿದೆವು. ಸಾರಿನ ಪಾತ್ರೆ ಐದು ನಿಮಿಷದಲ್ಲಿ ಖಾಲಿ. ಲೋರ್ನ್ ಒಬ್ಬನೇ ನಾಲ್ಕು ಬನ್ನು ತಿಂದ, ಮೂರು ದಿನದ ಉಪವಾಸ ನೋಡಿ. ಅಮ್ಮ ಬಿಶಪ್ಸ್ ಫ್ಲ್ಯಾಟಿಗೆ ಫೋನು ಹಚ್ಚಿ, "ಆ ಬೋರ್ಡು ಇಳಿಸ್ರಮ್ಮ. ನಮ್ಮ ಲೋರ್ನ್ ಹೆದರಿದ್ದು ನಿಮಗಲ್ಲ, ನಿಮಗಿಂತ ಮರ್ಯಾದಸ್ತೆಗೆ," ಎಂದು ಇಟ್ಟುಬಿಟ್ಟರು. ಅಧ್ಯಕ್ಷ ಸ್ಥಾನ ಬೇಡವೆಂದ ಮನುಷ್ಯನನ್ನು ಎತ್ತಿ ತಂದು ಕುರ್ಚಿಯಲ್ಲಿ ಕೂರಿಸಿದೆವು. ಎದುರಾಳಿಯ ಹೆಸರು ಕರೆದಾಗ ಎದುರಾಳಿ ಸಭಾಂಗಣದಲ್ಲಿರಲಿಲ್ಲ.

ಅವನು ಹೊರಗೆ ಲೋರ್ನ್‌ನ ಗಾಡಿಗೆ ಒರಗಿ ನಿಂತಿದ್ದ. ನಾವಿಬ್ಬರೂ ಹತ್ತಿರ ಹೋದಾಗ ಗಾರ್ಥ್ ಆ ಕಡೆ ಈ ಕಡೆ ನೋಡಿ, ಕೋಟಿನೊಳಗಿಂದ ಫೋನು ತೆಗೆದ. ತಿರುವಲು ಮೀಸೆಯೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

"ಲೋರ್ನ್... ಆ ದುಡ್ಡು ಕಳ್ಸೋದು, ಪ್ರಶ್ನೆ ಹಾಕೋದು... ಸ್ವಲ್ಪ ತೋರಿಸಿಕೊಡ್ತೀಯಾ?"

"ಯಾಕೋ?"

"ನಂದು ನಾಲ್ಕು ಜನಕ್ಕೆ ಬಾಕಿ ಇದೆ."

ನಾನು ಬಾಯಿ ತೆರೆದೆ. ಇಪ್ಪತ್ತು ಡೈಲಾಗುಗಳು ಸಾಲಾಗಿ ನಿಂತಿದ್ದವು, ಒಂದಕ್ಕಿಂತ ಒಂದು ಸೂಪರ್ ಹಿಟ್ಟು. ಲೋರ್ನ್ ನನ್ನ ಬಾಯಿಗೆ ಕೈ ಅಡ್ಡ ಇಟ್ಟು, ಗಾಡಿಯ ಬಾಗಿಲು ತೆರೆದು, ಸೀಟಿನ ಮೇಲಿದ್ದ ಬೆಕ್ಕಿನ ಕೂದಲು ಕೊಡವಿದ.

"ಒಳಗೆ ಕೂತ್ಕೋ, ಚಳಿ," ಎಂದರು ನಮ್ಮ ಹೊಸ ಅಧ್ಯಕ್ಷರು. "ಯಾರಿಗೆ ಹೇಳ್ದೆ ಓಡಿ ಬಂದ್ಯೋ ಅವರಿಂದ ಶುರು ಮಾಡೋಣ."